ಕೆಂಪು ಮುಚ್ಚಳದ ಓತಿಗಳು

ಕೊಳೆತ ಓತಿಯ ತಲೆಯನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ತಿಕ್ಕುವಾಗ ಒಂದು ಸದ್ದು ಬರುತ್ತದೆ. ಒದ್ದೆ ಚಪ್ಪಲಿಯನ್ನು ಮೆಟ್ಟಿಲಿಗೆ ಉಜ್ಜಿದಂಥ ಸದ್ದು, ಅದಕ್ಕಿಂತ ಸ್ವಲ್ಪ ಸಣ್ಣದು. ಕಳೆದ ಮಳೆಗಾಲ ಪೂರ್ತಿ ನಮ್ಮ ಬಚ್ಚಲುಮನೆಯ ಹಿಂಬದಿಯಿಂದ ನಾನು ಆ ಸದ್ದು ಕೇಳಿದೆ. ಸದ್ದಿನ ಹಿಂದೆಯೇ ವಾಸನೆ ಬರುತ್ತಿತ್ತು. ತಿಕ್ಕುತ್ತಿದ್ದವಳು ನನ್ನ ತಂಗಿ. ಅವಳು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಎಮ್ಮೆಸ್ಸಿ ಮಾಡುತ್ತಿದ್ದಳು. ನಾನು ಎಂಟನೆಯ ಕ್ಲಾಸಿಗೆ ಶಾಲೆ ಬಿಟ್ಟು, ಊರವರ ಅಡಕೆ ತೋಟಗಳಿಗೆ ಮದ್ದು ಬಿಡುವ ಕೆಲಸಕ್ಕೆ ಸೇರಿದವನು. ಅವಳಿಗೆ ನಾನು ಮಾಡಿದ್ದನ್ನು ಬರೆಯಲು ಕೂತರೆ ಮೊದಲು ಮೂಗಿಗೆ ಬರುವುದು ಆ ವಾಸನೆಯೇ.

ಪುಸ್ತಕದಲ್ಲಿ ಓತಿಕ್ಯಾತ ಎಂದು ಬರೆಯುವ ಪ್ರಾಣಿಯನ್ನು ನಮ್ಮ ಕಡೆ ಓಂತಿ ಎನ್ನುತ್ತಾರೆ. ಬೇಲಿಯ ಮೇಲೆ ಕೂತು ತಲೆ ಕುಣಿಸುವ, ಗಂಡಾದರೆ ಕುತ್ತಿಗೆ ಕೆಂಪು ಮಾಡಿಕೊಳ್ಳುವ ಪ್ರಾಣಿ. ಚಿಕ್ಕಂದಿನಿಂದಲೂ ಅದನ್ನು ಕಂಡರೆ ನನಗಾಗದು. ಅದರ ಚರ್ಮ, ಅದು ಕಣ್ಣು ತಿರುಗಿಸುವ ರೀತಿ, ಎಲ್ಲವೂ ಅಸಹ್ಯ. ತಂಗಿಗೆ ಬೇಕಾಗಿದ್ದದ್ದು ಸತ್ತ ಓತಿಗಳ ತಲೆಬುರುಡೆ. ಜೀವ ಇರುವುದನ್ನು ಮುಟ್ಟಬಾರದು, ತಾನಾಗಿ ಸತ್ತದ್ದು ಮಾತ್ರ ಎಂದು ಕಾಲೇಜಿನಲ್ಲಿ ಹೇಳಿದ್ದರಂತೆ. ತಲೆ ಕತ್ತರಿಸಿ, ನೀರು ತುಂಬಿದ ಬಾಟಲಿಯಲ್ಲಿ ಹಾಕಿ ಬಚ್ಚಲಿನ ಹಿಂದೆ ಇಡುತ್ತಿದ್ದಳು. ನೀರು ಮೊದಲು ಚಹಾದ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಬೂದಿ ಬಣ್ಣಕ್ಕೆ. ಮೇಲೆ ಕೆನೆಯಂಥದ್ದೊಂದು ಕಟ್ಟುತ್ತದೆ. ಮಾಂಸ ಸಡಿಲಾದ ಮೇಲೆ ತೆಗೆದು ಬ್ರಶ್ಶಿನಿಂದ ತಿಕ್ಕಿ, ಬಿಳಿ ಮಾಡುವ ಔಷಧಿಯಲ್ಲಿ ಅದ್ದಿ ಒಣಗಿಸುವುದು.

ಆ ಬಾಟಲಿಗಳು ಅಮ್ಮ ಮಿಡಿ ಉಪ್ಪಿನಕಾಯಿ ಹಾಕುವವು.

"ಅದರಲ್ಲಿ ಒಂದು ಬಾಟಲಿ ಇನ್ನು ನನ್ನ ಅಡಿಗೆಕೋಣೆಗೆ ಬಂದ್ರೆ ನಾನು ಮನೆ ಬಿಟ್ಟು ಹೋಗ್ತೇನೆ," ಎಂದು ಅಮ್ಮ ಹೇಳಿದ್ದರು.

"ನೀವು ಹೋದ್ರೆ ಉಪ್ಪಿನಕಾಯಿ ಹಾಕುದು ಯಾರಮ್ಮ? ಮತ್ತೆ ಬಾಟಲಿ ಹೇಗೂ ಬೇಡಲ್ಲ," ಎಂದು ತಂಗಿ ನಕ್ಕಿದ್ದಳು.

ಆ ವರ್ಷ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಹಾಕಲೇ ಇಲ್ಲ. ಹಾಕಿದ್ದರೂ ನಾನು ತಿನ್ನುತ್ತಿರಲಿಲ್ಲ. ಅನ್ನದ ತಟ್ಟೆಯ ಮುಂದೆ ಕೂತರೆ ಗಂಜಿಯ ಹಬೆಯಲ್ಲಿಯೂ ಓತಿಯೇ ಬರುತ್ತಿತ್ತು.

ತಲೆಬುರುಡೆಗೆ ಆ ಆಕಾರ ಎಲ್ಲಿಂದ ಬರುತ್ತದೆ ಎಂಬುದು ಅವಳ ಪ್ರಶ್ನೆ. ಒಂದು ಸಂಜೆ ನನ್ನನ್ನು ಜಗಲಿಯಲ್ಲಿ ಕೂರಿಸಿ ತೋರಿಸಿದಳು. ಹತ್ತಿ ಹಾಸಿದ ಡಬ್ಬಿಯಿಂದ ಉಗುರಿನಷ್ಟು ದೊಡ್ಡದೊಂದು ಬುರುಡೆ ತೆಗೆದಳು.

"ಇದು ಮರಿಯದ್ದು. ನೋಡು, ತಲೆ ಪೂರ್ತಿ ಕಣ್ಣಿನ ಗುಂಡಿಯೇ. ಈಗ ಇದು ನೋಡು, ದೊಡ್ಡ ಗಂಡಿನದ್ದು. ಮೂತಿ ಉದ್ದ ಆಯ್ತು, ಹಿಂದೆ ಅಗಲ ಆಯ್ತು. ಬೆಳೀತಾ ಬೆಳೀತಾ ಎಲ್ಲ ಕಡೆ ಒಂದೇ ಅಳತೆಯಲ್ಲಿ ಬೆಳೆಯುದಿಲ್ಲ ಅಣ್ಣ."

ಆಮೇಲೆ ಅಡಕೆ ಮರದಿಂದ ಮರಕ್ಕೆ ಹಾರುವ ಓತಿಯ ಗಿಡ್ಡ ಮೋರೆಯ ಬುರುಡೆ, ಕಾಗದದಷ್ಟು ತೆಳುವಾದ ಹಲ್ಲಿಯ ಬುರುಡೆ. ಹಾರುವ ಓತಿ ಬೇಲಿಯ ಓತಿಗೆ ದಾಯಾದಿ, ಹಲ್ಲಿ ದೂರದ ನೆಂಟ, ಅದು ಬುರುಡೆಯಲ್ಲೇ ಕಾಣುತ್ತದೆ ಎಂದಳು. ವಯಸ್ಸು ಒಂದು, ವಂಶ ಒಂದು. ಮೂರನೆಯದು ಇರುವ ಜಾಗ ಮತ್ತು ತಿನ್ನುವ ಆಹಾರ. ಈ ಮೂರನೆಯದೇ ಅವಳಿಗೆ ಬೇಕಾದದ್ದು. ಒಂದೇ ಜಾತಿಯ ಓತಿ ತೋಟದಲ್ಲಿದ್ದರೆ ತಲೆ ಒಂದು ನಮೂನೆ, ಪದವಿನಲ್ಲಿದ್ದರೆ ಇನ್ನೊಂದು ನಮೂನೆ ಇರುತ್ತದೆಯೇ?

ಪದವು ಎಂದರೆ ನಮ್ಮಲ್ಲಿ ಗುಡ್ಡದ ಮೇಲಿನ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಬೋಳು ಬಯಲು. ಮರವಿಲ್ಲ, ಮಣ್ಣಿಲ್ಲ. ಬೇಸಗೆಯಲ್ಲಿ ಕಾದ ಕಾವಲಿ, ಮಳೆಗಾಲದಲ್ಲಿ ಕಲ್ಲಿನ ಹೊಂಡಗಳಲ್ಲಿ ನೀರು, ಹುಲ್ಲು. ಅಲ್ಲಿಯ ಓತಿ ಗಟ್ಟಿ ಬೆನ್ನಿನ ಹುಳುಗಳನ್ನು ಕಡಿದು ತಿನ್ನುತ್ತದೆ, ಕಲ್ಲಿನ ಸಂದಿಗೆ ನುಗ್ಗುತ್ತದೆ, ಹಾಗಾಗಿ ತಲೆ ಗಿಡ್ಡವಾಗಿ ಅಗಲವಾಗಿ ಇರಬಹುದು ಎಂದು ಅವಳ ಊಹೆ.

"ನಮ್ಮದೇ ನೋಡು. ನಿಂಗೂ ನಂಗೂ ಅಪ್ಪನ ದವಡೆ. ಅದು ವಂಶ. ಆದ್ರೆ ನಿನ್ನದು ಇಲ್ಲಿ ಉಬ್ಬಿದೆ, ಎಲೆಯಡಕೆ ಜಗಿದೂ ಜಗಿದೂ."

ಹಾಗೆ ಹೇಳುತ್ತಾ ನನ್ನ ಕೆನ್ನೆ ಒತ್ತಿ ನೋಡಿದಳು. ನಾನು ಅವಳ ಕೈ ತಳ್ಳಿದೆ. ಸೋಪು ಹಾಕಿ ತೊಳೆದ ಕೈಯೇ. ಆದರೂ ಬಾವಿಕಟ್ಟೆಗೆ ಹೋಗಿ ಮುಖ ತೊಳೆದೆ. ಅವಳು ಅದನ್ನು ನೋಡುತ್ತಾ ಕೂತಿದ್ದಳು.

ತೋಟದ ಓತಿಗಳನ್ನು ಅವಳೇ ಕೂಡಿಸಿದಳು. ನೆರೆಮನೆಯವರ ಅಡಕೆ ಒಣಗಿಸುವ ಪ್ಲಾಸ್ಟಿಕ್ ಗೂಡಿನೊಳಗೆ ಹೊಕ್ಕ ಓತಿಗಳು ಹೊರಗೆ ಬರಲಾಗದೆ ಕಾವಿಗೆ ಸತ್ತು ಸಂಡಿಗೆಯಂತೆ ಒಣಗಿರುತ್ತಿದ್ದವು. ಪದವಿನದ್ದಕ್ಕೆ ಮಾತ್ರ ನಾನು ಬೇಕಿತ್ತು. ಬಾಯಾರು ಎಂಬ ಊರಿನ ಕಡೆಯ ತೋಟಗಳಿಗೆ ಹೋಗುವಾಗ ನನ್ನ ಬೈಕು ದಿನಾ ಪದವಿನ ರಸ್ತೆಯಲ್ಲೇ ಹೋಗುವುದು. ಕಲ್ಲು ಸಾಗಿಸುವ ಟಿಪ್ಪರುಗಳ ಅಡಿಗೆ ಬಿದ್ದ ಓತಿಗಳು ಅಲ್ಲಿ ಸಿಗುತ್ತವೆ. ನನಗೆ ಬರೆಯುವ ಕಷ್ಟ ಬೇಡವೆಂದು ತಂಗಿ ಡಬ್ಬಿಗಳಿಗೆ ಬಣ್ಣದ ಮುಚ್ಚಳ ಹಾಕಿದ್ದಳು. ತೋಟದ್ದಕ್ಕೆ ಹಸಿರು, ಪದವಿನದ್ದಕ್ಕೆ ಕೆಂಪು. ಕೆಂಪು ಮುಚ್ಚಳದ ಡಬ್ಬಿಗಳನ್ನು ಒಂದು ಚೀಲದಲ್ಲಿ ಹಾಕಿ ನನಗೆ ಕೊಟ್ಟಳು.

"ನಿನ್ನನ್ನು ನಂಬಿ ಕೂತಿದ್ದೇನೆ ಆಯ್ತಾ? ಪದವಿನದ್ದು ಇಲ್ಲದಿದ್ರೆ ನನ್ನ ಕೆಲಸವೇ ಇಲ್ಲ."

ಮೊದಲನೆಯದು ಮರುದಿನವೇ ಸಿಕ್ಕಿತು. ಮಳೆ ಬಿಟ್ಟು ಬಿಸಿಲು ಬಂದಿತ್ತು. ರಸ್ತೆಯ ಅಂಚಿನಲ್ಲಿ ದೊಡ್ಡ ಗಂಡು ಓತಿ, ಸೊಂಟದ ಕೆಳಗೆ ಅಪ್ಪಚ್ಚಿ, ತಲೆ ಮಾತ್ರ ಸರಿಯಾಗಿತ್ತು. ಬೈಕು ನಿಲ್ಲಿಸಿ, ಎರಡು ಕಡ್ಡಿ ಹಿಡಿದು ಬಾಗಿದೆ. ಹೊಟ್ಟೆ ಮೇಲೆ ಕೆಳಗೆ ಆಡುತ್ತಿತ್ತು. ಜೀವ ಇದೆಯೇ ಎಂದು ಕಡ್ಡಿಯಿಂದ ಮುಟ್ಟಿದರೆ ಚರ್ಮ ಬಿರಿದು ಬಿಳಿ ಹುಳಗಳು ಸುರಿದವು. ಬಾಯಿಯಿಂದಲೂ ಬಂದವು, ಅದು ಅನ್ನ ಕಾರಿದ ಹಾಗೆ. ನಾನು ಅಲ್ಲೇ ಪಕ್ಕದಲ್ಲಿ ವಾಂತಿ ಮಾಡಿದೆ. ಹಿಂದಿನಿಂದ ಬಂದ ಜೀಪಿನವರು ನಿಧಾನ ಮಾಡಿ, ನಾನು ಕಡ್ಡಿ ಹಿಡಿದು ಓತಿಯ ಎದುರು ಕುಕ್ಕರುಗಾಲಲ್ಲಿ ಕೂತದ್ದು ನೋಡಿ, ಏನೋ ಹೇಳಿ ನಕ್ಕು ಹೋದರು. ಓತಿಯನ್ನು ಅಲ್ಲೇ ಬಿಟ್ಟೆ. ಸಂಜೆ ತಂಗಿಗೆ ಇವತ್ತು ಸಿಗಲಿಲ್ಲ ಎಂದೆ. ಮರುದಿನವೂ ಅದೇ ಹೇಳಿದೆ. ರಸ್ತೆಯಲ್ಲಿ ಓತಿ ಕಂಡರೆ ಮುಖ ತಿರುಗಿಸಿ ಬೈಕು ಬಿಡುತ್ತಿದ್ದೆ.

ನನ್ನ ಕೆಲಸವನ್ನು ಸ್ವಲ್ಪ ಹೇಳಬೇಕು. ಮಳೆಗಾಲದಲ್ಲಿ ಅಡಕೆಗೆ ಕೊಳೆರೋಗ ಬಾರದಂತೆ ಗೊನೆಗಳಿಗೆ ಮದ್ದು ಬಿಡುತ್ತಾರೆ. ಮೈಲುತುತ್ತಿನ ನೀರಿಗೆ ಸುಣ್ಣದ ನೀರು ಸೇರಿಸಿ ಡ್ರಮ್ಮಿನಲ್ಲಿ ಕದಡಿದರೆ ತಿಳಿ ನೀಲಿ ಮದ್ದಾಗುತ್ತದೆ. ಕದಡುವವನು, ಪಂಪು ನೋಡುವವನು ನಾನು. ಮರ ಹತ್ತಿ ಬಿಡುವವನು ಇನ್ನೊಬ್ಬ, ನನಗಿಂತ ಹಿರಿಯ, ಬಾಯಿ ಜೋರಿನವನು. ಆ ಮೂರು ತಿಂಗಳು ನನ್ನ ಉಗುರು, ಬಟ್ಟೆ, ಬಕೆಟ್ಟು, ಅಮ್ಮ ಬಟ್ಟೆ ಒಗೆಯುವ ಕಲ್ಲು, ಎಲ್ಲ ನೀಲಿ. ನಮ್ಮ ಮನೆಯಲ್ಲಿ ಆ ಬಣ್ಣ ಯಾರ ಕಣ್ಣಿಗೂ ಬೀಳುವುದಿಲ್ಲ.

ಮಳೆ ಜೋರಾಗಿ ಕೆಲಸ ನಿಂತರೆ ಮಿಕ್ಕಿದ ಮದ್ದು ಡ್ರಮ್ಮಿನಲ್ಲೇ ಇರುತ್ತದೆ. ಓತಿಗಳು ಅದರೊಳಗೆ ಬಿದ್ದರೆ ನುಣ್ಣನೆಯ ಗೋಡೆ ಹತ್ತಲಾಗದೆ ಮುಳುಗಿ ಸಾಯುತ್ತವೆ. ಒಂದು ದಿನ ಡ್ರಮ್ಮು ತೊಳೆಯಲು ಬಗ್ಗಿಸಿದಾಗ ತಳದ ಗಸಿಯಲ್ಲಿ ಎರಡು ಓತಿ ಕಂಡವು. ಅವಕ್ಕೆ ನೊಣವಿಲ್ಲ, ಹುಳವಿಲ್ಲ, ಕೊಳೆತ ವಾಸನೆಯೂ ಇಲ್ಲ. ಮದ್ದಿಗೆ ಸೆಟೆದು ಕಡ್ಡಿಯಂತಾಗಿದ್ದವು. ಕದಡುವ ಕೋಲಿನಿಂದಲೇ ಎತ್ತಿ ಪಕ್ಕದ ತೋಡಿನ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು ಡಬ್ಬಿಗೆ ಹಾಕಿ ಕೆಂಪು ಮುಚ್ಚಳ ಒತ್ತಿದೆ.

ಮರ ಹತ್ತುವವನು ನೋಡಿದ. "ಎಂತ ಮಾರಾಯ, ಸಾರಿಗಾ?"

"ತಂಗಿಗೆ. ಕಾಲೇಜಿಗೆ."

"ಅವಳಿಗೊಂದು ಗಂಡು ನೋಡು ಮಾರಾಯ. ನೀನು ಓಂತಿ ನೋಡಿ ಕೊಡ್ತಾ ಇದ್ದೀಯಲ್ಲ!"

ನಾನೂ ನಕ್ಕೆ. ತಪ್ಪು ಮಾಡುತ್ತಿದ್ದೇನೆ ಎಂದು ಆಗ ಅನಿಸಲಿಲ್ಲ ಎಂದು ಬರೆದರೆ ಅದು ಸುಳ್ಳಾದೀತು. ಅನಿಸಿತ್ತು. ಆದರೆ ಓತಿ ಓತಿಯೇ, ಪದವಿನದ್ದಾದರೇನು ತೋಟದ್ದಾದರೇನು ಎಂದು ಸಮಾಧಾನ ಮಾಡಿಕೊಂಡೆ. ಅವಳು ವರ್ಷವಿಡೀ ಅಳೆದು ತಿಳಿಯಬೇಕೆಂದಿದ್ದ ಪ್ರಶ್ನೆಗೆ ಮದ್ದು ಕದಡುವ ನಾನು ತೋಡಿನ ಬದಿಯಲ್ಲಿ ನಿಂತು ಉತ್ತರ ಕೊಟ್ಟುಬಿಟ್ಟಿದ್ದೆ.

ಆ ಮಳೆಗಾಲದ ಕೆಂಪು ಡಬ್ಬಿಗಳೆಲ್ಲ ಹಾಗೆಯೇ ತುಂಬಿದವು. ಪ್ರತಿ ಸಲ ಅವಳು ಅಂಗಳದ ತನಕ ಓಡಿಬರುತ್ತಿದ್ದಳು. "ಎಷ್ಟು ಚಂದ ಸಿಕ್ಕಿದೆ ಅಣ್ಣ, ಒಂದು ಚೂರೂ ಒಡೀಲಿಲ್ಲ!" ಸತ್ತ ಓತಿಯನ್ನು ಚಂದ ಎನ್ನುವವಳನ್ನು ಕಂಡರೆ ನನಗೆ ಹೇಸಿಗೆಯಾಗುತ್ತಿತ್ತು. ಈಗ ಆ ಹೇಸಿಗೆ ಯಾರ ಮೇಲೆ ಇತ್ತು ಎಂದು ಕೇಳಿಕೊಂಡರೆ ಉತ್ತರ ಬೇರೆ.

ಅಳತೆ ಶುರುವಾದ ಮೇಲೆ ಅವಳ ಉತ್ಸಾಹ ಇಳಿಯಿತು. ಒಂದೇ ವಯಸ್ಸಿನವನ್ನು ಜೋಡಿ ಮಾಡಿ, ಮೂತಿಯ ಉದ್ದ, ದವಡೆಯ ಅಗಲ, ಕಣ್ಣಿನ ಗುಂಡಿ ಅಳೆಯುತ್ತಿದ್ದಳು. ಕೆಂಪಿನದ್ದೂ ಹಸಿರಿನದ್ದೂ ಒಂದೇ. ತನ್ನ ಅಳತೆಯೇ ತಪ್ಪಿರಬೇಕೆಂದು ಮತ್ತೆ ಅಳೆದಳು, ಮತ್ತೂ ಅಳೆದಳು. ಊಟಕ್ಕೆ ಕರೆದರೆ ಬರಲಿಲ್ಲ. ಕೊನೆಗೆ ತನ್ನ ಊಹೆಯನ್ನೇ ಬಿಟ್ಟಳು. ಜಾಗದಿಂದ ಏನೂ ಆಗುವುದಿಲ್ಲ, ವಯಸ್ಸು ಮತ್ತು ವಂಶ ಅಷ್ಟೇ ಎಂದು ಬರೆಯಲು ಶುರುಮಾಡಿದಳು.

ನಮ್ಮದು ಗಡಿನಾಡು; ಅವಳಿಗೆ ಹೇಳಿಕೊಡುವ ಮೇಡಂ ತೆಂಕಣ ಜಿಲ್ಲೆಯ ಮಲಯಾಳಿ, ಅಡಕೆ ತೋಟ ಅಷ್ಟಾಗಿ ಕಂಡವರಲ್ಲ. ಅವರು ಕೆಂಪು ಡಬ್ಬಿಯ ಬುರುಡೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಲ್ಲಿನ ಬುಡದಲ್ಲಿ, ಎಲುಬು ಕೂಡುವ ಗೆರೆಯಲ್ಲಿ ತೆಳು ನೀಲಿ ಇದೆಯಲ್ಲ, ಇದು ಪದವಿನದ್ದಕ್ಕೆ ಮಾತ್ರ ಯಾಕೆ ಎಂದು ಕೇಳಿದರಂತೆ. ತಂಗಿ ಆ ಸಂಜೆ ನನ್ನ ಬಳಿ ಬಂದಳು. ನಾನು ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದೆ.

"ಅಣ್ಣ, ನೀನು ತಂದ ಓಂತಿಗಳು ಪದವಿನ ಹೊಂಡದ ಹತ್ರ ಸಿಕ್ಕಿದ್ದಾ? ಹೊಂಡದ ಪಾಚಿ ಹಿಡಿದು ಬಣ್ಣ ಬಂದಿರ್ಬಹುದು ಅಂತ ಕಾಣ್ತದೆ."

ಅದು ಅವಳು ತೆರೆದುಕೊಟ್ಟ ಬಾಗಿಲು. ಅಲ್ಲ ಎನ್ನಬಹುದಿತ್ತು. ಆಗ ಹೇಳಿದ್ದರೆ ಅವಳು ಒಂದು ವಾರ ಬೈದು, ಮತ್ತೆ ಓತಿ ಹುಡುಕಿ, ಕೆಲಸ ಮುಗಿಸುತ್ತಿದ್ದಳು.

"ಹೌದು. ಹೊಂಡದ ಬದಿಯಲ್ಲೇ," ಎಂದೆ. ಅಷ್ಟಕ್ಕೇ ನಿಲ್ಲಿಸಲೂ ಇಲ್ಲ. "ಭಯಂಕರ ಪಾಚಿ ಉಂಟು ಅಲ್ಲಿ. ಕಾಲಿಟ್ಟರೆ ಜಾರ್ತದೆ."

ಅವಳ ಮುಖ ಅರಳಿತು. ಒಳಗೆ ಹೋಗಿ ಅದನ್ನೂ ಬರೆದಳು. ನಾನು ಎಲೆ ಬಾಯಿಗಿಟ್ಟುಕೊಂಡೆ. ಯಾಕೋ ಅದು ಕೆನೆ ಕಟ್ಟಿದ ಆ ನೀರಿನಂತೆ ರುಚಿಸಿತು. ಅಂಗಳಕ್ಕೆ ಉಗಿದೆ.

ಕಾಲೇಜಿನಲ್ಲಿ ಸೆಮಿನಾರ್ ಇತ್ತು. ಚೆನ್ನಾಗಿ ಹೇಳಿದವರಿಗೆ ಮುಂದಿನ ಸಂಶೋಧನೆಗೆ ಮೇಡಂ ದಾರಿ ಮಾಡಿಕೊಡುವವರಿದ್ದರು. ತಂಗಿ ನನ್ನನ್ನು ಬಿಡಲಿಲ್ಲ. "ನೀನು ಬರ್ಲೇಬೇಕು. ಪದವಿನ ಕೆಲಸ ಪೂರ್ತಿ ನಿಂದಲ್ವಾ? ಎಬ್ಬಿಸಿ ನಿಲ್ಲಿಸಿ ಹೇಳ್ತೇನೆ." ಒಗೆದ ಅಂಗಿ ಹಾಕಿ ಹಿಂದಿನ ಬೆಂಚಿನಲ್ಲಿ ಕೂತೆ. ಕೈಗಳನ್ನು ಬೆಂಚಿನ ಅಡಿಯಲ್ಲಿ ಇಟ್ಟುಕೊಂಡೆ. ಎಷ್ಟು ಉಜ್ಜಿದರೂ ಉಗುರಿನ ಬಣ್ಣ ಹೋಗಿರಲಿಲ್ಲ.

ಅವಳು ಮಲಯಾಳದಲ್ಲೂ ಇಂಗ್ಲಿಷಿನಲ್ಲೂ ಬೆರೆಸಿ ಮಾತಾಡಿದಳು. ಹೆದರಲಿಲ್ಲ. ಗೋಡೆಯ ಮೇಲೆ ಓತಿಯ ಬುರುಡೆ ಬಾಗಿಲಿಗಿಂತ ದೊಡ್ಡದಾಗಿ ಮೂಡಿತು. ಪ್ರತಿ ಹಲ್ಲಿನ ಬುಡದಲ್ಲಿ ನೀಲಿ. ನನ್ನ ಕೈಗಳನ್ನೇ ಯಾರೋ ಗೋಡೆಗೆ ಅಂಟಿಸಿದ ಹಾಗೆ. ಹೊಂಡದ ಪಾಚಿಯ ಮಾತು ಬಂದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಕೈ ಎತ್ತಿದಳು.

"ಚೇಚಿ, ಇದು ಪಾಚಿಯಲ್ಲ, ತುರಿಶು," ಎಂದು ಮಲಯಾಳದಲ್ಲಿ ಹೇಳಿದಳು. ಚೇಚಿ ಎಂದರೆ ಅಕ್ಕ; ಮೈಲುತುತ್ತಿಗೆ ಅವರು ತುರಿಶು ಎನ್ನುವುದು. "ನಮ್ಮ ಮನೆ ಅಡೂರಿನಲ್ಲಿ. ಮದ್ದಿನ ಡ್ರಮ್ಮಿಗೆ ಬಿದ್ದ ಓತಿಗಳು ಹೀಗೆಯೇ ಆಗುವುದು."

ಅಲ್ಲಲ್ಲಿ ನಗು ಕೇಳಿತು. ತಂಗಿ ನಗಲಿಲ್ಲ. "ಪದವಿನಲ್ಲಿ ಯಾರೂ ಮದ್ದು ಬಿಡುವುದಿಲ್ಲ. ಇವೆಲ್ಲ ತಂದವನು ನನ್ನ ಅಣ್ಣ. ಅವನು ಇಲ್ಲೇ ಇದ್ದಾನೆ, ಕೇಳಬಹುದು," ಎಂದು ನನ್ನ ಕಡೆ ಕೈ ತೋರಿಸಿದಳು.

ಎಲ್ಲರೂ ತಿರುಗಿದರು. ಮೇಡಂ ಕೂಡ ತಿರುಗಿ, "ಹೇಳಿ," ಎಂದರು.

ನಾನು ಜೇಬಿನಿಂದ ಮೊಬೈಲು ತೆಗೆದು, ಬಾರದ ಕರೆ ಬಂದವನಂತೆ ಕಿವಿಗೆ ಹಿಡಿದು, "ಹಲೋ, ಹಲೋ" ಎನ್ನುತ್ತಾ ಬಾಗಿಲು ದಾಟಿ ಹೊರಗೆ ಹೋದೆ. ಮೊಬೈಲು ಹಿಡಿದ ಕೈಯ ಉಗುರುಗಳನ್ನು ಅಷ್ಟೂ ಜನ ನೋಡಿರಬೇಕು. ವರಾಂಡದ ಕೊನೆಯವರೆಗೂ ಹಲೋ ಎನ್ನುತ್ತಲೇ ಇದ್ದೆ. ಹುಳ ತುಂಬಿದ ಓತಿಗಿಂತ ಹೇಸಿಗೆಯ ವಸ್ತುವೊಂದನ್ನು ನಾನು ಕಂಡದ್ದಿದ್ದರೆ ಅದು ಆ ವರಾಂಡದ ಕಿಟಕಿ ಗಾಜಿನಲ್ಲಿ, ಕಿವಿಗೆ ಮೊಬೈಲು ಹಿಡಿದುಕೊಂಡು ನಡೆಯುತ್ತಿದ್ದದ್ದು.

ಹಿಂದೆ ಬರುವಾಗ ಅವಳು ಬುರುಡೆಗಳ ಚೀಲವನ್ನು ಮಡಿಲಲ್ಲಿ ಹಿಡಿದು ಬೈಕಿನಲ್ಲಿ ಕೂತಿದ್ದಳು. ಪದವಿಗೆ ಬಂದಾಗ ನಿಲ್ಲಿಸು ಎಂದಳು. ಇಳಿದು, ಚೀಲದಿಂದ ಒಂದು ಬುರುಡೆ ತೆಗೆದು, ನನ್ನ ಕೈ ಎಳೆದು, ಹೆಬ್ಬೆರಳಿನ ಉಗುರಿನ ಪಕ್ಕ ಇಟ್ಟಳು.

"ಎಲ್ಲಿಂದ?"

"ಡ್ರಮ್ಮಿಂದ."

"ಎಲ್ಲವೂ?"

"ಎಲ್ಲವೂ."

"ಯಾಕಣ್ಣ?"

"ಅಸಹ್ಯ ಆಯ್ತು. ಹುಳ ಇತ್ತು."

ಅವಳು ಬುರುಡೆಯನ್ನು ಚೀಲಕ್ಕೆ ಹಾಕಿದಳು. "ನಂಗೆ ಅಸಹ್ಯ ಆಗುದಿಲ್ಲ ಅಂತ ಗ್ರಹಿಸಿದ್ಯಾ? ಬಚ್ಚಲಿನ ಹಿಂದೆ ದಿನಾ ವಾಂತಿ ಮಾಡ್ತಿದ್ದೆ ನಾನು. ನೀವು ಕೇಳ್ಬಾರ್ದು ಅಂತ ನಳ್ಳಿ ಬಿಟ್ಟು."

ನಳ್ಳಿಯ ನೀರು ಸುರಿಯುವ ಸದ್ದನ್ನು ನಾನು ಕೇಳಿದ್ದೆ. ನೀರು ದಂಡ ಮಾಡುತ್ತಾಳೆಂದು ಒಳಗಿನಿಂದ ಬೈದದ್ದೂ ಉಂಟು. ತಪ್ಪಾಯ್ತು ಎಂದು ಹೇಳಲು ಬಾಯಿ ತೆರೆದೆ. ಅವಳು ಕೇಳುವ ಮೊದಲೇ ತಿರುಗಿ ಬೈಕು ಹತ್ತಿ ಕೂತಿದ್ದಳು. ರಸ್ತೆಯ ಬದಿಯ ಕಲ್ಲಿನ ಮೇಲೆ ಒಂದು ಓತಿ ಬಿಸಿಲು ಕಾಯುತ್ತಾ ತಲೆ ಕುಣಿಸುತ್ತಿತ್ತು. ಅದರ ತಲೆ ಅಗಲವಾಗಿದೆಯೆಂದು ನನಗೆ ಕಂಡಿತು. ಇತ್ತೋ ಇಲ್ಲವೋ. ನನ್ನಿಂದಾಗಿ ಅದನ್ನು ಹೇಳುವವರು ಯಾರೂ ಇರಲಿಲ್ಲ.

ಪದವಿನ ಭಾಗವನ್ನು ತೆಗೆದುಹಾಕಿ, ವಯಸ್ಸು ಮತ್ತು ವಂಶದ ಬಗ್ಗೆ ಮಾತ್ರ ಬರೆದು ಅವಳು ಪರೀಕ್ಷೆ ಮುಗಿಸಿದಳು. ಪದವಿನ ಓತಿಗಳನ್ನು ಸರಿಯಾಗಿ ಕೂಡಿಸಿ ತಂದರೆ ಮುಂದಿನ ಸಂಶೋಧನೆಯ ಮಾತು ಆಮೇಲೆ ನೋಡೋಣ ಎಂದು ಮೇಡಂ ಹೇಳಿದ್ದಾರಂತೆ. ಇದು ಅಮ್ಮ ಹೇಳಿ ಗೊತ್ತಾದದ್ದು. ಅವಳು ಈಗ ಬೆಳಗ್ಗೆ ಟೊಪ್ಪಿ ಹಾಕಿಕೊಂಡು, ಹಸಿರು ಕೆಂಪು ಮುಚ್ಚಳ ಯಾವುದೂ ಇಲ್ಲದ ಹೊಸ ಡಬ್ಬಿಗಳ ಚೀಲ ಹಿಡಿದು ನಡೆದೇ ಪದವಿಗೆ ಹೋಗುತ್ತಾಳೆ. ನನ್ನ ಬೈಕು ಅಂಗಳದಲ್ಲೇ ಇದ್ದರೂ ಕೇಳುವುದಿಲ್ಲ. ಊಟಕ್ಕೆ ಬಡಿಸುವಾಗ, ಇನ್ನು ಬೇಕಾ, ಸಾಕಾ ಎಂದು ಕೇಳುತ್ತಾಳೆ. ಅಷ್ಟೇ ಮಾತು.

ನಾನೂ ಹೆಕ್ಕುತ್ತೇನೆ. ಕೆಲಸಕ್ಕೆ ಹೋಗುವಾಗ ರಸ್ತೆಯಲ್ಲಿ ಓತಿ ಕಂಡರೆ ಬೈಕು ನಿಲ್ಲಿಸುತ್ತೇನೆ. ಕಡ್ಡಿ ಬಿಟ್ಟಿದ್ದೇನೆ, ಕೈಯಲ್ಲೇ ತೆಗೆಯುತ್ತೇನೆ. ಅಭ್ಯಾಸ ಆಗುತ್ತದೆಂದು ಗ್ರಹಿಸಿದ್ದೆ, ಆಗಲಿಲ್ಲ. ಬೆರಳಿಗೆ ಜಿಗುಟು ತಾಗಿದ ಕೂಡಲೇ ಕೈ ಹಿಂದೆ ಎಳೆಯುತ್ತೇನೆ, ಮತ್ತೆ ಚಾಚುತ್ತೇನೆ. ಉಗುಳು ನುಂಗಿ, ಉಸಿರು ಹಿಡಿದು, ಕೆಂಪು ಮುಚ್ಚಳ ಒತ್ತುತ್ತೇನೆ. ಹಾದುಹೋಗುವವರು ನಗುತ್ತಾರೆ. ಮರ ಹತ್ತುವವನು, "ಈಗ ತಂಗಿಗಲ್ಲ, ನಿಂಗೇ ಹಿಡಿಸಿದೆ ಮಾರಾಯ," ಎನ್ನುತ್ತಾನೆ. ಸಂಜೆ ಡಬ್ಬಿಯನ್ನು ಅವಳ ಕೋಣೆಯ ಕಿಟಕಿಯ ದಂಡೆಯಲ್ಲಿ ಇಡುತ್ತೇನೆ. ಅವಳು ಮುಟ್ಟುವುದಿಲ್ಲ. ವಾಸನೆ ಏಳುತ್ತದೆ, ಇರುವೆ ಹತ್ತುತ್ತದೆ. "ಎಂತ ಗ್ರಾಚಾರ ಇದು, ತೆಗೆದು ಬಿಸಾಡು," ಎಂದು ಅಮ್ಮ ಬೈದ ಮೇಲೆ ತೆಗೆದು ಬಾಳೆಯ ಬುಡದಲ್ಲಿ ಹೂಳುತ್ತೇನೆ. ಮತ್ತೆ ಹೊಸದು ತಂದಿಡುತ್ತೇನೆ.

ಮೊನ್ನೆ ಸಂಜೆ ಡಬ್ಬಿ ಇಟ್ಟು ಕೈ ತೊಳೆಯಲು ಬಾವಿಕಟ್ಟೆಯ ನಳ್ಳಿಯ ಹತ್ತಿರ ಹೋಗಿದ್ದೆ. ಸೋಪು ಹಾಕಿ ಉಜ್ಜುತ್ತಿರುವಾಗ ಹಿಂದೆ ಅವಳು ಬಂದು ನಿಂತದ್ದು ಗೊತ್ತಾಯಿತು. ಮುಚ್ಚಳ ತೆಗೆದ ಡಬ್ಬಿ ಅವಳ ಕೈಯಲ್ಲಿತ್ತು. ಮೂಗನ್ನು ಶಾಲಿನಿಂದ ಮುಚ್ಚಿಕೊಂಡಿದ್ದಳು. ಅವಳು ಮೂಗು ಮುಚ್ಚಿದ್ದನ್ನು ನಾನು ಕಂಡದ್ದು ಅದೇ ಮೊದಲು.

"ಇದರ ತಲೆ ಟಯರಿನಡಿ ಹೋಗಿದೆ," ಎಂದಳು. "ತಲೆ ಒಡೆದದ್ದು ಆಗುದಿಲ್ಲ ನಂಗೆ."

ಡಬ್ಬಿಯನ್ನು ಬಾವಿಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ನಾನು ಆ ಒಡೆದ ತಲೆಯನ್ನು ನೋಡಿದೆ. ಕಣ್ಣೊಂದು ಹೊರಗೆ ಬಂದು ಕೆನ್ನೆಗೆ ಅಂಟಿಕೊಂಡಿತ್ತು. ನಳ್ಳಿ ಬಿಟ್ಟು, ಅದರ ಸದ್ದಿನಲ್ಲಿ ವಾಂತಿ ಮಾಡಿ, ಡಬ್ಬಿಯನ್ನು ನಾಳೆಗೆಂದು ತೊಳೆದು ಬೋರಲು ಹಾಕಿದೆ.